ಪುಸ್ತಕ ಬಿಡಿಸಲು ಹೆದರಬೇಡ

ಚಿತ್ರದುರ್ಗ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ನಿನಗೆ ಹೆಗಲು ನೋವು ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ದುರ್ಗದಿಂದ ಬರುವ ಬಸ್ಸು ನಿಮ್ಮ ಭರಮಸಾಗರ ಮುಟ್ಟುವ ಹೊತ್ತಿಗೇ ತುಂಬಿರುತ್ತೆ. ಆನಗೋಡು ದಾಟಿ ದಾವಣಗೆರೆವರೆಗೂ ನಿಂತೇ ಹೋಗುವವಳು ಎಲ್ಲ ವಿಷಯದ ಪುಸ್ತಕ, ರೆಕಾರ್ಡು, ನೋಟ್ಸಿನ ಆ ದಪ್ಪ ಫೈಲು ದಿನಾ ಹೊತ್ತರೆ ಹೆಗಲು ಎಷ್ಟು ತಡೆದೀತು? 2019ರಲ್ಲಿ ಸರ್ಕಾರ ಶಾಲಾ ಮಕ್ಕಳ ಬ್ಯಾಗಿಗೆ ಮಿತಿ ಹಾಕಿತು. 9, 10ನೇ ತರಗತಿಯವರಿಗೇ 4ರಿಂದ 5 ಕೆ.ಜಿ. ಕಾಲೇಜಿಗೆ ಬಂದವರಿಗೆ ಹೇಳುವವರಿಲ್ಲ, ಅದಕ್ಕೇ ಈ ಪತ್ರ.

ಮೊದಲು ಫೈಲಿನ ವಿಚಾರ. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ, ಎ4 ಹಾಳೆ ಒಂದಕ್ಕೆ 5 ಗ್ರಾಂ ತೂಕ. ಇನ್ನೂರು ಹಾಳೆ ಸೇರಿದರೆ ಒಂದು ಕೆ.ಜಿ. ಆಯಿತು, ರಟ್ಟು, ಕ್ಲಿಪ್ಪು ಬೇರೆ. ಅದು ಮನೆಯಲ್ಲೇ ಇರಲಿ. ಕಾಲೇಜಿಗೆ ತೆಳು ಪ್ಲಾಸ್ಟಿಕ್ ಫೈಲಿನಲ್ಲಿ ಖಾಲಿ ಹಾಳೆ ಒಯ್ಯಿ. ಪ್ರತಿ ಹಾಳೆಯ ತಲೆಗೆ ವಿಷಯ, ತಾರೀಖು ಬರೆದು ಸಂಜೆ ಮನೆಯ ಫೈಲಿಗೆ ಸೇರಿಸು. ರೆಕಾರ್ಡು ಪ್ರಾಕ್ಟಿಕಲ್ ಇದ್ದ ದಿನ ಮಾತ್ರ.

ಇನ್ನು ಪುಸ್ತಕ. ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಮನೆ ನಮ್ಮದು, ಸರಸ್ವತಿಗೆ ಬ್ಲೇಡು ಹಾಕುವುದಾ ಅಂತ ನಿನಗೆ ಅನ್ನಿಸುತ್ತೆ. ಇಷ್ಟು ವರ್ಷ ಬೈಂಡಿಂಗ್ ಮಾಡಿದವನಾಗಿ ಹೇಳುತ್ತೇನೆ, ಓದುವುದಕ್ಕಾಗಿ ಭಾಗ ಭಾಗವಾಗಿ ಬಿಡಿಸಿದರೆ ಅದು ಅವಮಾನವಲ್ಲ. ಒಂದು ಯೂನಿಟ್ ಪಾಠ ನಡೆಯುವಾಗ ಐದೂ ಯೂನಿಟ್ ಯಾಕೆ ಹೊರಬೇಕು?

ಆದರೆ ನೀನೇ ಹರಿಯಬೇಡ. ದಾರದ ಹೊಲಿಗೆಯ ಪುಸ್ತಕವನ್ನು ಫಾರಂ ಫಾರಂ ಆಗಿ, ಅಂದರೆ ಮಡಚಿದ ಹಾಳೆಗಳ ಕಂತೆ ಕಂತೆಯಾಗಿ ಹೊಲಿದಿರುತ್ತಾರೆ, ಹೆಚ್ಚಾಗಿ 16 ಪುಟಕ್ಕೊಂದು. ಬಿಡಿಸುವುದಿದ್ದರೆ ಎರಡು ಫಾರಂ ನಡುವೆಯೇ ಬಿಡಿಸಬೇಕು. ಒಂದು ಫಾರಂ ಒಳಗೆ ಬ್ಲೇಡು ಆಡಿಸಿದರೆ ಒಂದು ಹಾಳೆಯ ಜೊತೆ ಅದರ ಜೋಡಿ ಹಾಳೆಯೂ ಉದುರುತ್ತೆ. ಯೂನಿಟ್ ಒಂದು ಫಾರಂ ಒಳಗೇ ಮುಗಿದರೆ ಮುಂದಿನ ಪಾಠದ ನಾಲ್ಕು ಪುಟ ಜೊತೆಗೇ ಬರಲಿ, ತೊಂದರೆ ಇಲ್ಲ. ಬೆನ್ನಿಗೆ ಬರೀ ಗಮ್ ಇರುವ ಪುಸ್ತಕವನ್ನು ಎಲ್ಲಿ ಬೇಕಾದರೂ ಬಿಡಿಸಬಹುದು, ಆದರೆ ದಬ್ಬಣದಿಂದ ಬದಿಗೆ ತೂತು ಮಾಡಿ ದಾರ ಹಾಕದಿದ್ದರೆ ಒಂದು ತಿಂಗಳೂ ಬಾಳಲ್ಲ. ಒಂದೊಂದು ಭಾಗಕ್ಕೂ ತೆಳು ರಟ್ಟು ಹಾಕಿ, ಮೇಲೆ ಪುಟಸಂಖ್ಯೆ ಬರೆದು, ಪರಿವಿಡಿಯ ಜೆರಾಕ್ಸ್ ಅಂಟಿಸಿಕೊಡುತ್ತೇನೆ. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದರೆ ಹುಳ ಹತ್ತುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಎಲ್ಲ ಸೇರಿಸಿ ಮತ್ತೆ ಒಂದೇ ಪುಸ್ತಕ ಮಾಡಿಕೊಡುವುದೂ ನನ್ನ ಜವಾಬ್ದಾರಿ.

ಮೊಬೈಲಿನಲ್ಲಿ ಪಿಡಿಎಫ್ ಇಟ್ಟುಕೋ, ಬೇಡ ಅನ್ನುವುದಿಲ್ಲ. ಕ್ಲಾಸಿನಲ್ಲಿ ಒಂದು ಚಿತ್ರ ನೋಡಲು ಸಾಕು. ಕುಲುಕಾಡುವ ಬಸ್ಸಿನಲ್ಲಿ ಮಾತ್ರ ಓದಬೇಡ, ಕಣ್ಣಿಗೆ ಆಯಾಸ.

ಒಂದೇ ಹೆಗಲಿಗೆ ಬ್ಯಾಗು ನೇತುಹಾಕುವುದನ್ನು ಬಿಡು. ಎರಡೂ ಪಟ್ಟಿ ಹಾಕು, ಭಾರದ ಪುಸ್ತಕ ಬೆನ್ನಿಗೆ ಹತ್ತಿಕೊಂಡಿರಲಿ. ಬಸ್ಸಿನಲ್ಲಿ ಕೂತವರನ್ನು ಕೇಳಿದರೆ ಬ್ಯಾಗು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಕೇಳಲು ಸಂಕೋಚ ಯಾಕೆ? ಲೀಟರ್ ನೀರು ಅಂದರೆ ಒಂದು ಕೆ.ಜಿ., ಕಾಲೇಜಿನಲ್ಲಿ ಕುಡಿಯುವ ನೀರಿದ್ದರೆ ಅರ್ಧ ಬಾಟಲಿ ಒಯ್ಯಿ. ಬುತ್ತಿ ಮಾತ್ರ ಕಡಿಮೆ ಮಾಡಬೇಡ.

ಇಷ್ಟೆಲ್ಲ ಮಾಡಿಯೂ ಹದಿನೈದು ದಿನದಲ್ಲಿ ನೋವು ಇಳಿಯದಿದ್ದರೆ, ಕೈ ಜೋಮು ಹಿಡಿದರೆ, ಡಾಕ್ಟರಿಗೆ ತೋರಿಸು.

ಭಾನುವಾರ ದುರ್ಗಕ್ಕೆ ಬಾ. ಕೆಮಿಸ್ಟ್ರಿ, ಬಾಟನಿ ಎರಡೂ ತಾ. ಲೈಬ್ರರಿಯ ಪುಸ್ತಕ ಬೇಡ, ಅವನ್ನು ನಾನು ಮುಟ್ಟುವುದಿಲ್ಲ.

ನಿನ್ನ ದೊಡ್ಡಪ್ಪ