ಐದನೆಯ ಮಾತನ್ನು ನನಗೆ ಕೊಡಬೇಡ

ಪ್ರೀತಿಯ ಗೆಳೆಯಾ,

ಕ್ರಿಸ್ತನಲ್ಲಿ ವಂದನೆಗಳು. ಈ ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆಗೆ ಬೆಟಗೇರಿಗೆ ಬಂದು, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಐದನೆಯದಾದ "ನನಗೆ ನೀರಡಿಕೆಯಾಗಿದೆ" ಎಂಬುದರ ಮೇಲೆ ಹತ್ತು ನಿಮಿಷ ಮಾತನಾಡು ಎಂದು ಮೊನ್ನೆ ನೀನು ಕೇಳಿದಾಗ, ರಜೆ ಸಿಗುವುದಿಲ್ಲ ಎಂದೆ. ಆ ದಿನ ಸರ್ಕಾರಿ ರಜೆ ಎಂಬುದು ನಮ್ಮಿಬ್ಬರಿಗೂ ಗೊತ್ತಿದ್ದರೂ ನೀನು ಅದನ್ನು ಎತ್ತಿ ಆಡಲಿಲ್ಲ. ಆ ಸೌಜನ್ಯಕ್ಕೆ ಉತ್ತರವಾಗಿ ನಿಜವಾದ ಕಾರಣವನ್ನು ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಬಹುದಾಗಿದ್ದ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿರುವುದೇಕೆಂದರೆ, ನಾನು ಹೇಳಲಿರುವ ಸಂಗತಿ ನಡೆದಾಗ ಪರದೆಯ ಮೇಲೆ ನಲವತ್ತು ಮನೆಗಳಿದ್ದವು, ಆ ಮನೆಗಳವರಲ್ಲಿ ಕೆಲವರಾದರೂ ಇದನ್ನು ಓದಬೇಕೆಂಬುದು ನನ್ನ ಆಸೆ.

2020ರ ಏಪ್ರಿಲ್ 10. ಲಾಕ್‌ಡೌನ್ ಆರಂಭವಾಗಿ ಹದಿನೇಳನೆಯ ದಿನ. ನಾವು ಗುಡಿ ಎನ್ನುವ ಚರ್ಚಿನ ಬಾಗಿಲು ಮುಚ್ಚಿದ್ದರಿಂದ ಇಲ್ಲಿ ಬೆಂಗಳೂರಿನಲ್ಲಿ ನಮ್ಮ ಸಭೆಯ ಆರಾಧನೆ ಫೋನಿನೊಳಗೆ ನಡೆಯುತ್ತಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಅರ್ಧಕ್ಕೆ ನಿಂತ ಕಟ್ಟಡ, ಅದರ ಪಕ್ಕದಲ್ಲಿ ತಗಡಿನ ಶೆಡ್ಡುಗಳು, ಅವುಗಳಲ್ಲಿ ಯಾದಗಿರಿ ಕಡೆಯಿಂದ ಬಂದ ಆರೇಳು ಕುಟುಂಬಗಳು. ಮೇಸ್ತ್ರಿ ಊರಿಗೆ ಹೋಗಿದ್ದ, ಬೋರ್‌ವೆಲ್‌ನ ಸ್ವಿಚ್ಚಿರುವ ಕೋಣೆಗೆ ಬೀಗ ಹಾಕಿತ್ತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಣ್ಣುಮಗಳು ಸೊಂಟದಲ್ಲಿ ಮಗುವನ್ನೂ ಕೈಯಲ್ಲಿ ಎರಡು ಪ್ಲಾಸ್ಟಿಕ್ ಕೊಡಗಳನ್ನೂ ಹಿಡಿದುಕೊಂಡು ನಮ್ಮ ಗೇಟಿನ ಹತ್ತಿರ ಬಂದು, "ಅಣ್ಣಾರ, ಎರಡ ಕೊಡ ನೀರ ಕೊಡ್ರಿ" ಎಂದು ಕೂಗಿದಳು. ನನ್ನ ತಾಯಿ ಮಾತನಾಡುತ್ತಿದ್ದ ಧಾಟಿ ಅದು. ನಾನು ಕೈ ಚಾಚಿ ಫೋನನ್ನು ಮ್ಯೂಟ್ ಮಾಡಿದೆ, ಅವಳ ದನಿ ಆರಾಧನೆಗೆ ಅಡ್ಡಿಯಾಗಬಾರದೆಂದು.

ಅವಳು ಮತ್ತೆರಡು ಸಲ ಕೂಗಿದಳು. ಗೇಟಿನ ಚಿಲಕ ಸದ್ದು ಮಾಡಿತು. ಮೂರು ಗಂಟೆಗೆ ಆಶೀರ್ವಾದವಾದ ಮೇಲೆ ಹೊರಗೆ ಹೋದೆ, ಅಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಅವಳು ಕೂಗಿದ್ದು "ನನಗೆ ನೀರಡಿಕೆಯಾಗಿದೆ" ಎಂಬ ವಾಕ್ಯವನ್ನು ಓದುತ್ತಿದ್ದಾಗ ಎಂದು ನೀನು ಊಹಿಸಿದ್ದರೆ, ಅಲ್ಲ. ಹಾಗೇನಾದರೂ ಆಗಿದ್ದರೆ ದೇವರು ನನ್ನನ್ನೇ ಕರೆಯುತ್ತಿದ್ದಾನೆಂದು ಬೆಚ್ಚಿಬಿದ್ದು ಎದ್ದು ಓಡುತ್ತಿದ್ದೆನೋ ಏನೋ. ಆಗ ನಡೆಯುತ್ತಿದ್ದುದು ಎರಡನೆಯ ಮಾತು, ಅದರ ಬಳಿಕ ಒಂದು ಗೀತೆ. ಐದನೆಯ ಮಾತು ಬಂದಾಗ ಗೇಟು ನಿಶ್ಶಬ್ದವಾಗಿತ್ತು, ನಾನು ಕಣ್ಣು ಮುಚ್ಚಿಕೊಂಡು ಬಹಳ ಭಕ್ತಿಯಿಂದ ಕೇಳಿಸಿಕೊಂಡೆ.

ಸೋಂಕಿನ ಹೆದರಿಕೆ ಇತ್ತೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇದ್ದುದು ನಿಜ, ಹೆದರುವುದು ಪಾಪವೆಂದು ನಾನು ಭಾವಿಸಿಲ್ಲ. ಆದರೆ ಕೊಳವೆಯನ್ನು ಗೇಟಿನ ಕೆಳಗಿನಿಂದ ಹೊರಗೆ ಬಿಟ್ಟು, ಹತ್ತು ಅಡಿ ದೂರ ನಿಂತು ನಲ್ಲಿ ತಿರುಗಿಸಬಹುದಿತ್ತು. ಸಂಪಿನಲ್ಲಿ ನೀರು ಇತ್ತೋ ಇಲ್ಲವೋ ಎಂಬ ಅನುಮಾನವೂ ಇರಲಿಲ್ಲ. ಅಂದು ಬೆಳಿಗ್ಗೆಯಷ್ಟೇ ಮುಚ್ಚಳ ತೆಗೆದು ನೋಡಿದ್ದೆ. ತುಂಬಿತ್ತು.

ನಿನಗೆ ನೆನಪಿರಬಹುದು, ಆ ದಿನಗಳಲ್ಲಿ ನಮ್ಮ ಬಳಗದಲ್ಲಿ ಗುಡಿ ಮುಚ್ಚುವುದು ಅವಿಶ್ವಾಸವೆಂದು ಕೆಲವರು ವಾದಿಸಿದಾಗ ನಾನು ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರನ ಪತ್ರವನ್ನು ಎತ್ತಿ ಹಿಡಿದಿದ್ದೆ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ಗೆ ಪ್ಲೇಗು ಬಂದು ವಿಶ್ವವಿದ್ಯಾಲಯವೇ ಯೇನಾ ಪಟ್ಟಣಕ್ಕೆ ಸ್ಥಳಾಂತರಗೊಂಡಾಗ, ಗರ್ಭಿಣಿ ಹೆಂಡತಿಯೊಂದಿಗೆ ಅಲ್ಲೇ ಉಳಿದು ರೋಗಿಗಳನ್ನು ಮನೆಗೆ ಸೇರಿಸಿಕೊಂಡ ಲೂಥರನು, ಮಾರಕ ರೋಗ ಬಂದಾಗ ಕ್ರೈಸ್ತನು ಓಡಿಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರವಾಗಿ ಬ್ರೆಸ್ಲಾವ್‌ನ ಬೋಧಕ ಯೋಹಾನ್ ಹೆಸ್‌ನಿಗೆ ಬರೆದ ಬಹಿರಂಗ ಪತ್ರವದು. ಔಷಧ ತೆಗೆದುಕೊಳ್ಳಿ, ಮನೆಗೆ ಧೂಪ ಹಾಕಿ, ಅಗತ್ಯವಿಲ್ಲದ ಕಡೆ ಹೋಗಿ ದೇವರನ್ನು ಪರೀಕ್ಷಿಸಬೇಡಿ ಎಂಬ ಭಾಗವನ್ನು ನಾನು ಎಲ್ಲರಿಗೂ ಓದಿ ಹೇಳಿದೆ. ನೆರೆಯವನಿಗೆ ನನ್ನ ಅಗತ್ಯ ಬಿದ್ದರೆ ಹಿಂದೆಗೆಯಲಾರೆ, ಕಷ್ಟದಲ್ಲಿರುವವನನ್ನು ಕೈಬಿಟ್ಟವನು ದೇವರ ಮುಂದೆ ಕೊಲೆಗಾರನಿದ್ದಂತೆ ಎಂಬ ಭಾಗವೂ ಅದೇ ಪತ್ರದಲ್ಲಿದೆ. ಅದನ್ನು ನಾನು ಓದಲಿಲ್ಲ. ವಾದಕ್ಕೆ ಬೇಕಿರಲಿಲ್ಲ.

ಬೈಬಲಿನ ತೊಂಬತ್ತೊಂದನೆಯ ಕೀರ್ತನೆಯ ಕಥೆಯೂ ಇದೇ. ಪ್ರತಿದಿನ ರಾತ್ರಿ ಒಂಬತ್ತಕ್ಕೆ ನಾವೆಲ್ಲರೂ ಅದನ್ನು ಒಟ್ಟಿಗೆ ಹೇಳುತ್ತಿದ್ದೆವು. ಮಗ್ಗುಲಲ್ಲಿ ಸಾವಿರ ಜನರು ಬಿದ್ದರೂ ನಿನಗೆ ತಟ್ಟದು ಎಂಬಲ್ಲಿ ನನ್ನ ದನಿ ಗಟ್ಟಿಯಾಗುತ್ತಿತ್ತು, ಆದರೆ ಬಿದ್ದ ಆ ಸಾವಿರ ಜನರು ಯಾರೆಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಅಡವಿಯ ಶೋಧನೆಯಲ್ಲಿ ಸೈತಾನನು ಯೇಸುವಿಗೆ ಉದ್ಧರಿಸಿ ತೋರಿಸಿದ್ದು ಇದೇ ಕೀರ್ತನೆಯ ವಚನಗಳನ್ನು ಎಂಬುದನ್ನು ನಾನು ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿದವನು, ಗೆಳೆಯಾ. ಅದೇ ಏಪ್ರಿಲ್ ಮೊದಲ ವಾರದಲ್ಲಿ, ಬೆಂಗಳೂರಿನಿಂದ ಸಿಂಧನೂರಿನ ಕಡೆಗೆ ನಡೆದು ಹೊರಟಿದ್ದ ಕೂಲಿ ಹೆಣ್ಣುಮಗಳೊಬ್ಬಳು ಬಳ್ಳಾರಿಯಲ್ಲಿ ತೀರಿಕೊಂಡಿದ್ದಳು.

ಮರುದಿನದಿಂದ ನಾನು ಆ ಶೆಡ್ಡುಗಳಿಗೆ ನೀರಿನ ಕ್ಯಾನು, ಅಕ್ಕಿ, ಎಣ್ಣೆ ಎಲ್ಲವನ್ನೂ ಮುಟ್ಟಿಸಿದೆ. ಆದರೆ ಈಗ ನನ್ನನ್ನು ಕಾಡುವುದು ದಾನದ ಕೊರತೆಯಲ್ಲ. ಕಟ್ಟಡ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲಿ ಕುಡಿಯುವ ನೀರನ್ನೂ ವಸತಿಯನ್ನೂ ಮಾಲೀಕನೇ ಒದಗಿಸಬೇಕೆಂದು ಆಗ ಜಾರಿಯಲ್ಲಿದ್ದ 1996ರ ಕಾಯ್ದೆ ಹೇಳುತ್ತಿತ್ತು. ಅವಳು ನನ್ನ ಗೇಟಿನ ಮುಂದೆ ನಿಂತು ಬೇಡಿದ್ದು ಕಾನೂನಿನಂತೆ ಅವಳಿಗೆ ಬೇರೆ ಕಡೆ ಸಲ್ಲಬೇಕಾಗಿದ್ದ ಹಕ್ಕನ್ನು, ಮತ್ತು ಅದು ನನಗೆ ತಿಳಿದದ್ದು ಆಕೆ ಹೊರಟುಹೋದ ಎಷ್ಟೋ ತಿಂಗಳ ಮೇಲೆ. 2020ರ ಮೇ 5ರಂದು ಆಗಿನ ಮುಖ್ಯಮಂತ್ರಿಗಳು ಕಟ್ಟಡ ಉದ್ಯಮಿಗಳೊಂದಿಗೆ ಸಭೆ ನಡೆಸಿದ ಬೆನ್ನಿಗೇ ವಲಸೆ ಕಾರ್ಮಿಕರ ರೈಲುಗಳು ರದ್ದಾದವು, ಟೀಕೆ ಬಂದ ಮೇಲೆ ಮತ್ತೆ ಓಡಿದವು. ಟೀಕಿಸಿದವರಲ್ಲಿ ನಾವು ಇರಲಿಲ್ಲ. ಆ ವಾರವೂ ನಾವು ಅವರ ಸುಖಪ್ರಯಾಣಕ್ಕಾಗಿ ಪ್ರಾರ್ಥಿಸಿದೆವು. ಸರ್ಕಾರಕ್ಕೆ ಒಂದು ಸಾಲಿನ ಮನವಿ ಬರೆಯಬೇಕೆಂದು ನಲವತ್ತು ಮನೆಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದೇವರಿಗೆ ಹೇಳಿದ ಮೇಲೆ ಇನ್ನು ಯಾರಿಗೂ ಹೇಳಬೇಕಿಲ್ಲ ಎಂದುಕೊಂಡೆವೇನೋ.

ಸ್ಟ್ಯಾನ್ ಸ್ವಾಮಿಯವರ ವಿಷಯದಲ್ಲೂ ಹೀಗೆಯೇ ಆಯಿತು. ಒಂದು ಕಾಲಕ್ಕೆ ಇದೇ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ದುಡಿದಿದ್ದ, ಆಮೇಲೆ ಜಾರ್ಖಂಡ್‌ನ ಆದಿವಾಸಿಗಳ ನಡುವೆ ಬದುಕಿದ ಆ ಜೆಸ್ವಿಟ್ ಪಾದ್ರಿಯನ್ನು 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧಿಸಿದರು. ಮಾವೋವಾದಿಗಳೊಂದಿಗೆ ನಂಟಿದೆ ಎಂಬ ಆರೋಪಗಳನ್ನು ಅವರು ನಿರಾಕರಿಸಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದುದರಿಂದ, ನೀರು ಕುಡಿಯಲು ಹೀರುಕೊಳವೆಯ ಲೋಟ ಬೇಕೆಂದು ನ್ಯಾಯಾಲಯದಲ್ಲಿ ಕೇಳಬೇಕಾಯಿತು. ಕೋವಿಡ್ ತಗುಲಿ, ಜಾಮೀನಿಗಾಗಿ ಕಾಯುತ್ತಲೇ 2021ರ ಜುಲೈ 5ರಂದು ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ 84 ವರ್ಷ. ಅವರಿಗಾಗಿ ನಾವು ಪ್ರಾರ್ಥಿಸಲಿಲ್ಲವೆಂದಲ್ಲ. ಅಸ್ವಸ್ಥರಾಗಿರುವ ಒಬ್ಬ ವೃದ್ಧ ಸೇವಕರಿಗಾಗಿ ಎಂದು, ಹೆಸರು ಹೇಳದೆ, ಜೈಲು ಎನ್ನದೆ ಪ್ರಾರ್ಥಿಸಿದೆವು. ಆ ಪ್ರಾರ್ಥನೆಯನ್ನು ನಡೆಸಿದವನು ನಾನೇ. ಯಾರೂ ನನಗೆ ಹೆಸರು ಬಿಡು ಎಂದು ಹೇಳಿರಲಿಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ನೀರಿನ ಸಂಗತಿಯೊಂದನ್ನೇ ಹೇಳಿ ಮುಗಿಸುವವನಿದ್ದೆ. ನಾನು ಪ್ರಾರ್ಥಿಸುವುದನ್ನು ಬಿಟ್ಟಿಲ್ಲ. ಕರ್ತನ ಪ್ರಾರ್ಥನೆಯಲ್ಲಿ "ನಮ್ಮ ಅನುದಿನದ ಆಹಾರವನ್ನು" ಎನ್ನುವಾಗ ಮಾತ್ರ "ನಮ್ಮ" ಎಂಬಲ್ಲಿ ನಾಲಿಗೆ ತುಸು ತಡೆಯುತ್ತದೆ. 2021ರ ಮೇ ತಿಂಗಳ ಆ ಬಿಸಿಲಿನಲ್ಲಿ ಪಿಪಿಇ ಉಡುಪು ತೊಟ್ಟು, ಮನೆಯವರೂ ಬರಲಾಗದವರ ಸಮಾಧಿಯ ಬಳಿ ನಿಂತು ವಾಕ್ಯ ಓದಿದವನು ನೀನು. ಐದನೆಯ ಮಾತನ್ನು ನೀನೇ ಇಟ್ಟುಕೋ.

ಬೆಟಗೇರಿಗೆ ಮಾತ್ರ ಖಂಡಿತ ಬರುತ್ತೇನೆ. ಗುರುವಾರ ರಾತ್ರಿಯ ರೈಲು ಹಿಡಿಯುತ್ತೇನೆ, ಕಿಟಕಿಯ ಪಕ್ಕದ ಮೂರನೆಯ ಬೆಂಚನ್ನು ಕಾದಿರಿಸು. ಇಲ್ಲಿನ ಬೇಕರಿಯಿಂದ ಶಿಲುಬೆ ಗುರುತಿನ ಬನ್ನುಗಳನ್ನು ಎರಡು ಡಜನ್ ತರುತ್ತೇನೆ. ಹಾರ್ಮೋನಿಯಂ ಅಜ್ಜನಿಗೆ ಮಾತ್ರ ಮೊದಲೇ ತಿಳಿಸಬೇಡ, ಹಳೆಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಎಂದೆಂದೂ ನಿನ್ನ,
ಹಾಸ್ಟೆಲಿನ ಹನ್ನೊಂದನೇ ಕೋಣೆಯವನು