ಬಣ್ಣವಲ್ಲ, ಸಿಲ್ ನೋಡಿ
ಮಾನ್ಯರೇ,

ವಿಂಟೇಜ್ ಕಾರುಗಳ ರ‍್ಯಾಲಿ ಎಂದರೆ ಪತ್ರಿಕೆಗಳಲ್ಲಿ ಫಳಫಳ ಹೊಳೆಯುವ ಚಿತ್ರಗಳೇ ಹೆಚ್ಚು. ಅವನ್ನು ನೋಡಿ ಎಂಜಿಬಿಯಂಥ (ಬ್ರಿಟಿಷ್ ಸ್ಪೋರ್ಟ್ಸ್ ಕಾರು, 1962–80) ಕನ್ವರ್ಟಿಬಲ್ ಕೊಳ್ಳಹೊರಡುವವರು ಮೊದಲು ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಉಕ್ಕಿನ ಭಾಗ, ಪರೀಕ್ಷಿಸಬೇಕು. ಮೇಲೆ ಉಕ್ಕಿನ ಚಾವಣಿ ಇಲ್ಲದ ಕಾರಣ ಬಾಡಿಯ ಬಿಗಿ ಬಹುಪಾಲು ಅಲ್ಲಿಯೇ ಇರುತ್ತದೆ. ತುಕ್ಕು ಶುರುವಾಗುವುದು ಒಳಗಿನಿಂದ. ಹೊರಗೆ ಪುಟ್ಟಿ ಬಳಿದು ಮುಚ್ಚಿರುತ್ತಾರೆ. ಆಯಸ್ಕಾಂತ ಹಿಡಿಯದಿದ್ದರೆ ಅನುಮಾನಿಸಿ. ಜಾಕ್ ಏರಿಸಿದಾಗ ಬಾಗಿಲ ಮೇಲ್ಸಂದು ಕಿರಿದಾದರೆ ಬಾಡಿ ಜಗ್ಗುತ್ತಿದೆ ಎಂದೇ ಲೆಕ್ಕ.

ಗ್ಯಾರೇಜುಗಳಲ್ಲಿ ಎಡವಟ್ಟಾಗುವುದೂ ಇಲ್ಲಿಯೇ. ತುಕ್ಕು ಹಿಡಿದ ಸಿಲ್ ಬದಲಿಸುವಾಗ ಬಾಗಿಲ ಕಂಡಿಗೆ ಅಡ್ಡಪಟ್ಟಿ ವೆಲ್ಡ್ ಮಾಡದೆ ಅದನ್ನು ಕತ್ತರಿಸಿದರೆ ಬಾಡಿ ನಡುವೆ ಬಾಗುತ್ತದೆ. ಆಮೇಲೆ ಏನು ಮಾಡಿದರೂ ಬಾಗಿಲು ಕೂರುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಬದಿಗೆ ಕೈಹಾಕಬೇಕು.

ಹುಡ್ (ಮಡಚುವ ಬಟ್ಟೆಯ ಚಾವಣಿ) ಒದ್ದೆಯಿದ್ದಾಗ ಮಡಚಬೇಡಿ, ಬೂಷ್ಟು ಹಿಡಿಯುತ್ತದೆ. ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಮಡಿಕೆಗೆ ಮೆತ್ತನೆಯ ಬಟ್ಟೆ ಇಡಿ.

ಇನ್ನು ಕಾಗದಪತ್ರ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಕ್ಕೆ ‘ವಿಎ’ (ವಿಂಟೇಜ್) ಸರಣಿಯ ನೋಂದಣಿ ಶುಲ್ಕ ₹20,000, ಮರುನೋಂದಣಿಗೆ ₹5,000. ಅದರಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ; ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿಯಂಥ ಕೆಲಸಗಳಿಗಷ್ಟೇ ಅವಕಾಶ.

– ಹಳೆ ಕಾರುಗಳ ಆಸಕ್ತರು, ಬೆಂಗಳೂರು