ವಿದೇಶದಲ್ಲಿ ಮನೆ: ಮೊದಲು ವೀಸಾ, ಆಮೇಲೆ ಶಾಲೆಯ ಗಡಿ

ಮಾನ್ಯ ಸಂಪಾದಕರೇ,

ಆಸ್ತಿ ಪುಟಗಳಲ್ಲಿ ಮೈಸೂರಿನ ಸೈಟುಗಳ ಪಕ್ಕದಲ್ಲೇ ಈಗ ದುಬೈ, ಟೊರಾಂಟೊ, ಮೆಲ್ಬರ್ನ್ ಮನೆಗಳ ಜಾಹೀರಾತೂ ಕಾಣಿಸುತ್ತಿದೆ. ಚದರಡಿ ಎಷ್ಟು, ಈಜುಕೊಳ ಇದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಯಾವ ವೀಸಾದವರು ಕೊಳ್ಳಬಹುದು, ಆ ವಿಳಾಸಕ್ಕೆ ಯಾವ ಸರ್ಕಾರಿ ಶಾಲೆ ಎಂಬ ಎರಡು ಸಾಲು ಮಾತ್ರ ಇರುವುದಿಲ್ಲ. ಪತ್ರಿಕೆಯೇ ಕೇಳಿ ಅವನ್ನು ಹಾಕಿಸಿದರೆ ಮೈಸೂರು, ಮಂಡ್ಯದಿಂದ ಸಂಸಾರ ಸಮೇತ ಹೊರಡುವವರಿಗೆ ಉಪಕಾರವಾದೀತು. ಇಲ್ಲಿ ಕೂತು ಫೋಟೊ ನೋಡಿ ಮನೆ ಗೊತ್ತು ಮಾಡಬಾರದು. ಮಕ್ಕಳು ಓದಬೇಕಾದ ಶಾಲೆಯ ವ್ಯಾಪ್ತಿಯೊಳಗೆ ಮೊದಲ ವರ್ಷ ಬಾಡಿಗೆಗಿದ್ದು, ಆಮೇಲೆ ಕೊಳ್ಳಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಯಾವ ಊರು, ಯಾವ ಬೀದಿ ಎಂಬ ಪ್ರಶ್ನೆಗೆ ಮುಂಚೆ ಕೊಳ್ಳಲು ಕಾನೂನು ಬಿಡುತ್ತದೆಯೇ ಎಂದು ನೋಡಬೇಕು. ಕೆನಡಾದಲ್ಲಿ ನಾಗರಿಕರೂ ಕಾಯಂ ನಿವಾಸಿಗಳೂ ಅಲ್ಲದವರು ನಗರ ಪ್ರದೇಶಗಳಲ್ಲಿ ವಾಸದ ಮನೆ ಕೊಳ್ಳುವುದಕ್ಕೆ 2023ರ ಜನವರಿ 1ರಿಂದ ನಿಷೇಧವಿದೆ. ಅದನ್ನು 2027ರ ಜನವರಿ 1ರವರೆಗೆ ವಿಸ್ತರಿಸಲಾಗಿದೆ. ವರ್ಕ್ ಪರ್ಮಿಟ್ಟಿನಲ್ಲಿ ಕನಿಷ್ಠ 183 ದಿನ ಬಾಕಿ ಇದ್ದವರಿಗೆ ಒಂದು ಮನೆಗೆ ವಿನಾಯಿತಿ ಉಂಟು. ಇಷ್ಟು ಓದಿ ಸಮಾಧಾನಪಟ್ಟುಕೊಂಡವರು ಒಂಟಾರಿಯೊ ಪ್ರಾಂತ್ಯದಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿ ಕಾಯಂ ನಿವಾಸಿ ಅಲ್ಲದವರ ಮೇಲೆ ಬೆಲೆಯ ಶೇ 25ರಷ್ಟು ಪ್ರತ್ಯೇಕ ತೆರಿಗೆ ಬೀಳುತ್ತದೆ. ಟೊರಾಂಟೊ ನಗರದ ಮಿತಿಯೊಳಗಾದರೆ 2025ರಿಂದ ಇನ್ನೂ ಶೇ 10. ಕಾಯಂ ನಿವಾಸ ಕೈಗೆ ಬರುವ ತನಕ ಬಾಡಿಗೆಯಲ್ಲಿದ್ದರೆ ಈ ಎರಡೂ ಇಲ್ಲ. ಆಸ್ಟ್ರೇಲಿಯಾದಲ್ಲಿ ತಾತ್ಕಾಲಿಕ ವೀಸಾದವರು ಹಳೆಯ ಮನೆ ಕೊಳ್ಳುವುದನ್ನು 2025ರ ಏಪ್ರಿಲ್ 1ರಿಂದ ನಿಲ್ಲಿಸಲಾಗಿದೆ; ಹೊಸ ಮನೆ ಅಥವಾ ಖಾಲಿ ನಿವೇಶನಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಹೊಸ ಮನೆ ಎಂದರೆ ಸಾಮಾನ್ಯವಾಗಿ ಊರಾಚೆ, ರೈಲಿನಿಂದ ದೂರ. ವೀಸಾ ಬಡಾವಣೆಯನ್ನೂ ಆರಿಸಿಬಿಡುತ್ತದೆ ಎಂದಾಯಿತು. ಸಿಂಗಪುರದಲ್ಲಿ ವಿದೇಶಿಯರಿಗೆ ಹೆಚ್ಚುವರಿ ಮುದ್ರಾಂಕ ಶುಲ್ಕ ಶೇ 60. ಅಲ್ಲಿ ಮಾತು ಮುಗಿಯಿತು.

ಇಂಗ್ಲೆಂಡಿನ ತೊಡಕು ಬೇರೆ, ಮೈಸೂರಿನವರಿಗೆ ನೇರವಾಗಿ ತಟ್ಟುವಂಥದ್ದು. ಜಗತ್ತಿನಲ್ಲಿ ಎಲ್ಲಾದರೂ 40,000 ಪೌಂಡ್ ಅಥವಾ ಹೆಚ್ಚು ಬೆಲೆಯ ವಾಸದ ಮನೆ ನಿಮ್ಮ ಹೆಸರಿನಲ್ಲೋ, ಜತೆಗಿರುವ ಗಂಡ ಅಥವಾ ಹೆಂಡತಿಯ ಹೆಸರಿನಲ್ಲೋ ಇದ್ದರೆ ಅಲ್ಲಿ ಕೊಳ್ಳುವುದು ಎರಡನೇ ಮನೆ. ಆಗ ಪೂರ್ತಿ ಬೆಲೆಯ ಮೇಲೆ ಶೇ 5 ಹೆಚ್ಚು ಮುದ್ರಾಂಕ ಶುಲ್ಕ. 4 ಲಕ್ಷ ಪೌಂಡಿನ ಮನೆಗೆ 20,000 ಪೌಂಡ್. ಕುವೆಂಪುನಗರದ ಸಾಧಾರಣ ಮನೆಯೇ ಆ ಮಿತಿ ದಾಟುತ್ತದೆ. ಅದು ನೀವು ವಾಸವಿದ್ದ ಮನೆಯಾಗಿದ್ದು 3 ವರ್ಷದೊಳಗೆ ಮಾರಿದರೆ ಹಣ ವಾಪಸು ಕೇಳಬಹುದು. ಬಾಡಿಗೆಗೆ ಕೊಟ್ಟ ಮನೆಯಾದರೆ ಈ ದಾರಿ ಇಲ್ಲ. ಕೊಳ್ಳುವ ಮುಂಚಿನ 12 ತಿಂಗಳಲ್ಲಿ 183 ದಿನ ಅಲ್ಲಿ ಇರದಿದ್ದವರಿಗೆ ಇನ್ನೊಂದು ಶೇ 2 ಸೇರುತ್ತದೆ. ಒಂದು ವರ್ಷ ಬಾಡಿಗೆಗಿರಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಇದ್ದವರು ಕೊಳ್ಳಲು ಅಡ್ಡಿಯಿಲ್ಲ. ಆದರೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಿಗುವುದು ಗರಿಷ್ಠ 60 ದಿನ. ಅಷ್ಟರಲ್ಲಿ ಮನೆ ಮಾರಲಾಗದು. ಸರ್ಕಾರದ ಖಾತರಿಯುಳ್ಳ, ಕಡಿಮೆ ಮುಂಗಡದ ಎಫ್‌ಎಚ್‌ಎ ಸಾಲವನ್ನು 2025ರ ಮೇ ಕೊನೆಯಿಂದ ಕಾಯಂ ನಿವಾಸಿಗಳಲ್ಲದವರಿಗೆ ಕೊಡುತ್ತಿಲ್ಲ. ಇನ್ನು ತೆರಿಗೆ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂದು ಹಿಗ್ಗಬೇಡಿ. ಹೊಸ ಬಡಾವಣೆಗಳಲ್ಲಿ ನೀರು-ಚರಂಡಿಯ ಪ್ರತ್ಯೇಕ ತೆರಿಗೆಯೂ ಸೇರಿ ಆಸ್ತಿ ತೆರಿಗೆ ಬೆಲೆಯ ಶೇ 2 ದಾಟುವುದುಂಟು. 5 ಲಕ್ಷ ಡಾಲರಿನ ಮನೆಗೆ ತಿಂಗಳಿಗೆ 830 ಡಾಲರ್ ಚಿಲ್ಲರೆ, ಸಾಲದ ಕಂತು ಬೇರೆ.

ಶಾಲೆಯ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು. ಇಲ್ಲಿ ಸರಸ್ವತಿಪುರಂನ ಮಗು ಬಸ್ಸಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಿ ಓದಬಹುದು, ಶುಲ್ಕ ಕಟ್ಟಿದರಾಯಿತು. ಆ ದೇಶಗಳಲ್ಲಿ ಸರ್ಕಾರಿ ಶಾಲೆಯ ಸೀಟು ಬಹುಮಟ್ಟಿಗೆ ವಿಳಾಸಕ್ಕೆ ಅಂಟಿದ್ದು. ಅಮೆರಿಕದಲ್ಲಿ ಅಂಚೆ ವಿಳಾಸದ ಊರು ಒಂದು, ಶಾಲಾ ಜಿಲ್ಲೆ, ಅಂದರೆ ಸರ್ಕಾರಿ ಶಾಲೆಗಳ ಆಡಳಿತದ ವ್ಯಾಪ್ತಿ, ಇನ್ನೊಂದು ಆಗಿರಬಹುದು. ರಸ್ತೆಯ ಈ ಬದಿ ಒಂದು ಶಾಲೆ, ಆ ಬದಿ ಇನ್ನೊಂದು. ಮನೆ ಮಾರುವ ಜಾಲತಾಣದ ನಕ್ಷೆ ನಂಬದೆ, ಶಾಲಾ ಜಿಲ್ಲೆಯ ತಾಣದಲ್ಲೇ ಮನೆ ಸಂಖ್ಯೆ ಹಾಕಿ ನೋಡಿ. ನೋಡಿದ ಮೇಲೆ ಕಚೇರಿಗೆ ಒಂದು ಇಮೇಲ್ ಬರೆದು, ಈ ತರಗತಿಯಲ್ಲಿ ಜಾಗ ಇದೆಯೇ, ಮುಂದಿನ ವರ್ಷ ಗಡಿ ಬದಲಿಸುವ ಪ್ರಸ್ತಾವ ಇದೆಯೇ ಎಂದು ಕೇಳಿ. ಇಂಗ್ಲೆಂಡಿನ ಬೇಡಿಕೆಯ ಶಾಲೆಗಳು ಅನೇಕ ಕಡೆ ಮನೆಯಿಂದ ನೇರ ರೇಖೆಯ ದೂರ ಅಳೆದು ಸೀಟು ಕೊಡುತ್ತವೆ. ಹಿಂದಿನ ವರ್ಷದ ಕೊನೆಯ ಸೀಟು ಎಷ್ಟು ದೂರದ ಮಗುವಿಗೆ ಸಿಕ್ಕಿತು ಎಂಬುದನ್ನು ಸ್ಥಳೀಯ ಕೌನ್ಸಿಲ್ ಪ್ರಕಟಿಸುತ್ತದೆ. ಆ ದೂರ ವರ್ಷವರ್ಷವೂ ಬದಲಾಗುವುದರಿಂದ ಅಂಚಿನಲ್ಲಿರುವ ಮನೆ ಬೇಡ. ಅರ್ಜಿಗೆ ಕೊನೆಯ ದಿನ ಪ್ರೌಢಶಾಲೆಗೆ ಅಕ್ಟೋಬರ್ 31, ಪ್ರಾಥಮಿಕಕ್ಕೆ ಜನವರಿ 15. ಒಂಟಾರಿಯೊದ ಹೊಸ ಬಡಾವಣೆಗಳಲ್ಲಿ ಶಾಲೆಗೆಂದು ಜಾಗ ಬಿಟ್ಟಿರುತ್ತಾರೆ, ಶಾಲೆ ಯಾವಾಗ ಎದ್ದೀತೋ ಗೊತ್ತಿಲ್ಲ. ಅಲ್ಲಿಯ ತನಕ ಮಕ್ಕಳನ್ನು ಬಸ್ಸಿನಲ್ಲಿ ಬೇರೆಡೆಗೆ ಕಳಿಸಬಹುದೆಂದು ಕರಾರಿನಲ್ಲೇ ಬರೆದಿರುತ್ತದೆ. ಆ ಸಾಲನ್ನು ಓದದೆ ಸಹಿ ಹಾಕುವವರೇ ಹೆಚ್ಚು.

ಬಾಗಿಲು ಪೂರ್ವಕ್ಕಿದೆಯೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಸೂರ್ಯನ ಲೆಕ್ಕ ಅಲ್ಲಿ ಬೇರೆ. ಕೆನಡಾ, ಇಂಗ್ಲೆಂಡಿನಲ್ಲಿ ಚಳಿಗಾಲದ ಬಿಸಿಲು ದಕ್ಷಿಣದಿಂದ ತಗ್ಗಿನಲ್ಲಿ ಬರುತ್ತದೆ. ನಡುಮನೆಯ ಕಿಟಕಿ ಆ ಕಡೆಗಿದ್ದರೆ ಬೆಚ್ಚಗಿರುತ್ತದೆ. ಕಾರು ನಿಲ್ಲಿಸುವ ಜಾಗ ಮನೆಯ ಉತ್ತರಕ್ಕಿದ್ದರೆ ನೆರಳಿನಲ್ಲಿ ಮಂಜುಗಡ್ಡೆ ಬೇಗ ಕರಗದು. ಆಸ್ಟ್ರೇಲಿಯಾದಲ್ಲಿ ಬಿಸಿಲು ಉತ್ತರದಿಂದ; ಅಲ್ಲಿನವರೂ ಉತ್ತರದ ಮನೆಯನ್ನೇ ಕೇಳುತ್ತಾರೆ, ವಾಸ್ತುವಿಗಲ್ಲ.

ಅಪ್ಪ ಅಮ್ಮ ಬಂದು ಇರುವುದಾದರೆ ಬೀದಿಯ ಲೆಕ್ಕ ಇನ್ನಷ್ಟು ಮುಖ್ಯ. ಕೆನಡಾದ ಸೂಪರ್ ವೀಸಾದಲ್ಲಿ ಒಮ್ಮೆ ಬಂದರೆ 5 ವರ್ಷದವರೆಗೆ ಇರಬಹುದು. ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ದಿನಾ ಕುಕ್ಕರಹಳ್ಳಿ ಕೆರೆ ಸುತ್ತಿದವರನ್ನು ಪಾದಚಾರಿ ಮಾರ್ಗವೂ ಬಸ್ಸೂ ಇಲ್ಲದ ಬಡಾವಣೆಯಲ್ಲಿ ಇಟ್ಟರೆ ಗೃಹಬಂಧನವೇ ಸರಿ. ಮಲಗುವ ಕೋಣೆ, ಸ್ನಾನದ ಮನೆ ಎರಡೂ ನೆಲಮಟ್ಟದಲ್ಲಿರಲಿ. ಔಷಧಿ ಅಂಗಡಿ, ತರಕಾರಿ, ಬಸ್ ನಿಲ್ದಾಣ ಹತ್ತು ನಿಮಿಷದ ನಡಿಗೆಯಲ್ಲಿರಲಿ. ಜುಲೈ ಭಾನುವಾರ ಚೆಂದ ಕಂಡ ಬೀದಿಯನ್ನು ಫೆಬ್ರುವರಿಯ ಸೋಮವಾರ ಬೆಳಿಗ್ಗೆ ಎಂಟಕ್ಕೆ ಇನ್ನೊಮ್ಮೆ ನೋಡಿ.

ಕೊಳ್ಳುವ ಮುಂಚೆ ತಜ್ಞರಿಂದ ಮಾಡಿಸುವ ಮನೆ ಪರೀಕ್ಷೆ ಬಿಟ್ಟುಕೊಟ್ಟರೆ ಮಾರುವವರು ಬೇಗ ಒಪ್ಪುತ್ತಾರೆಂದು ಏಜೆಂಟರು ಹೇಳಬಹುದು, ಕೇಳಬೇಡಿ. ಉತ್ತರ ಅಮೆರಿಕದ ನೆಲಮಾಳಿಗೆಗಳಲ್ಲಿ ನೆಲದಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಏರುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಅದು ಲೀಟರಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಮುಟ್ಟಿದರೆ ಸರಿಪಡಿಸಿ ಎನ್ನುತ್ತದೆ. ಆಸ್ಟ್ರೇಲಿಯಾದಲ್ಲಿ ಗೆದ್ದಲಿನ ಪರೀಕ್ಷೆಯನ್ನು ಮರೆಯದೆ ಮಾಡಿಸಿ. ಪ್ರವಾಹದ ನಕ್ಷೆ ಎಲ್ಲ ಕಡೆಯೂ ನೋಡಿ, ಅಮೆರಿಕದ ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ.

ಇನ್ನು ಹಣ. ಭಾರತದ ನಿವಾಸಿಯೊಬ್ಬರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಂದು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಕಳಿಸಬಹುದು. ಗಂಡ ಹೆಂಡತಿ ಇಬ್ಬರ ಮಿತಿ ಸೇರಿಸಬೇಕಾದರೆ ಮನೆ ಇಬ್ಬರ ಹೆಸರಿನಲ್ಲೂ ಇರಬೇಕು. 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ (ಮೂಲದಲ್ಲೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ. 60 ಲಕ್ಷ ಕಳಿಸುವವರ ಕೈಯಲ್ಲಿ 70 ಲಕ್ಷ ಇರಬೇಕು. ಆ 10 ಲಕ್ಷವನ್ನು ರಿಟರ್ನ್ಸ್ ಸಲ್ಲಿಸಿ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಮಿಕ್ಕಿದ್ದು ವಾಪಸು ಬರುತ್ತದೆ, ಆದರೆ ಮನೆ ಕೊಳ್ಳುವ ದಿನಕ್ಕೆ ಒದಗದು. ಈ ಯೋಜನೆಯಲ್ಲಿ ಆಸ್ತಿ ಕೊಳ್ಳಲು ಇಲ್ಲಿನ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಅನಿವಾಸಿಯಾದ ಮೇಲೆ ಎನ್‌ಆರ್‌ಒ ಖಾತೆಯಿಂದ (ಅನಿವಾಸಿಯ ಇಲ್ಲಿನ ಹಣ ಇಡುವ ರೂಪಾಯಿ ಖಾತೆ) ವರ್ಷಕ್ಕೆ 10 ಲಕ್ಷ ಡಾಲರ್ ತನಕ ಕಳಿಸಬಹುದು, ಅದಕ್ಕೆ ಟಿಸಿಎಸ್ ಇಲ್ಲ. ಆಡಿಟರ್ ಪ್ರಮಾಣಪತ್ರ ಬೇಕು.

ಹಾಗಾದರೆ ಇಲ್ಲಿನ ಮನೆ, ಸೈಟನ್ನು ಹೋದ ಮೇಲೆ ಮಾರುವುದೇ ಲಾಭವೇ? ಹಾಗೇನಿಲ್ಲ. ಅನಿವಾಸಿ ಮಾರಿದರೆ ಕೊಳ್ಳುವವರು ಪೂರ್ತಿ ಕ್ರಯದ ಮೇಲೆ ಶೇ 12.5 ಮತ್ತು ಸೆಸ್ ತೆರಿಗೆಯಾಗಿ ಮುರಿದುಕೊಳ್ಳಬೇಕು, ಮುಂಚಿತವಾಗಿ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತಂದಿದ್ದರೆ ಹೊರತು. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆ, ಸೈಟಿಗೆ ಹಣದುಬ್ಬರದ ಲೆಕ್ಕ ಹಾಕಿ ಶೇ 20 ತೆರಿಗೆ ಕಟ್ಟುವ ಆಯ್ಕೆ ನಿವಾಸಿಗಳಿಗೆ ಮಾತ್ರ. ಎಂದೋ ಅಗ್ಗಕ್ಕೆ ಸಿಕ್ಕ ಸೈಟು ಇದ್ದವರು ಆಡಿಟರ್ ಬಳಿ ಎರಡೂ ಲೆಕ್ಕ ಹಾಕಿಸಿ. ಸೆಪ್ಟೆಂಬರ್ ಮುಗಿಸಿ ಹೊರಟರೆ ಆದಾಯ ತೆರಿಗೆಯ ಮಟ್ಟಿಗೆ ಆ ವರ್ಷ ಸಾಮಾನ್ಯವಾಗಿ ನಿವಾಸಿಯೇ. ಮಾರ್ಗಸೂಚಿ ದರಕ್ಕೆ ನೋಂದಾಯಿಸಿ ಉಳಿದದ್ದನ್ನು ನಗದಾಗಿ ಪಡೆದವರಿಗೆ ಆ ನಗದು ಬ್ಯಾಂಕಿನ ಮೂಲಕ ಹೊರಗೆ ಹೋಗದು. ಮುಂಗಡ ಎಲ್ಲಿಂದ ಬಂತೆಂದು ಅಲ್ಲಿನ ಸಾಲದಾತರು ಕೇಳುತ್ತಾರೆ. ಕನ್ನಡದ ಕ್ರಯಪತ್ರದ ದೃಢೀಕೃತ ಇಂಗ್ಲಿಷ್ ಅನುವಾದವನ್ನು ಹೊರಡುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಮಂಡ್ಯದವರಿಗೆ ಒಂದು ಮಾತು. ನಾಲೆ ಬಯಲಿನ ಗದ್ದೆಯನ್ನು ಅನಿವಾಸಿಯಾದ ಮೇಲೂ ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ಮಾರುವುದಾದರೆ ಭಾರತದಲ್ಲಿ ವಾಸವಿರುವ ಭಾರತೀಯರಿಗೇ ಮಾರಬೇಕು. ಊರಿನ ಮನೆ, ಸೈಟಿಗೆ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ, ಅದನ್ನು ಮಾಡಿಸಿಕೊಂಡೇ ಹೊರಡಿ. ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ಕೂಡ ಇಲ್ಲೇ ನೋಂದಾಯಿಸಿ. ಅಲ್ಲಿಂದ ಕಳಿಸುವುದಾದರೆ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಬೇಕು, ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಇತಿ,
ವಲಸೆ ಮತ್ತು ಆಸ್ತಿ ಕಾಗದಪತ್ರಗಳ ಸಲಹೆಗಾರರು
ಸರಸ್ವತಿಪುರಂ, ಮೈಸೂರು